ಅರಬೈಲ್ ಘಟ್ಟದಾಚೆಯ ದ್ವೀಪಗಳು

ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಸುತ್ತ ಬೀಳುವ ಮಳೆನೀರಿಗೆ ಎರಡು ದಾರಿಗಳಿವೆ. ಒಂದು ಪಾಲು ಬೆಣ್ಣೆಹಳ್ಳವನ್ನು ಸೇರಿ, ಮಲಪ್ರಭೆ ಮತ್ತು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ಇನ್ನೊಂದು ಪಾಲನ್ನು ಹೊತ್ತು, ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯೂ ಹುಬ್ಬಳ್ಳಿಯ ಕಡೆಯಿಂದ ಬರುವ ಬೇಡ್ತಿಯೂ ಕಲಘಟಗಿಯ ಸೀಮೆಯಲ್ಲಿ ಕೂಡಿ, ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಅಂಕೋಲೆ ಮತ್ತು ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತವೆ. ಅವಳಿ ನಗರದ ಯುವಕ ಯುವತಿಯರು ಗುಂಪು ಕಟ್ಟಿಕೊಂಡು ಬೈಕುಗಳ ಮೇಲೆ ಕಡಲಿಗೆ ಹೊರಟಾಗ ಹಿಡಿಯುವ ರಾಷ್ಟ್ರೀಯ ಹೆದ್ದಾರಿ 52 ಕೂಡ ಇದೇ ನದಿಯ ಕಣಿವೆಯನ್ನು ಅನುಸರಿಸಿ, ಕಲಘಟಗಿ, ಕಿರವತ್ತಿ, ಯಲ್ಲಾಪುರಗಳನ್ನು ದಾಟಿ ಅರಬೈಲ್ ಘಟ್ಟವನ್ನು ಇಳಿದು, ಸುಮಾರು 135 ಕಿ.ಮೀ. ದೂರದ ಅಂಕೋಲೆಯಲ್ಲಿ ಕರಾವಳಿಯ ಹೆದ್ದಾರಿ 66ನ್ನು ಕೂಡಿಕೊಳ್ಳುತ್ತದೆ.

ಅಂಕೋಲೆಯಿಂದ ಉತ್ತರಕ್ಕೆ ತಿರುಗಿದರೆ ಕಾರವಾರದ ಎದುರಿನ ದ್ವೀಪಗಳೂ, ದಕ್ಷಿಣಕ್ಕೆ ತಿರುಗಿದರೆ ಹೊನ್ನಾವರದ ಬಸವರಾಜದುರ್ಗ, ಮುರುಡೇಶ್ವರದ ಎದುರಿನ ನೇತ್ರಾಣಿ, ಇನ್ನೂ ಕೆಳಗೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಗಳೂ ಸಿಗುತ್ತವೆ. ನಕ್ಷೆಯ ಮೇಲೆ ಇವೆಲ್ಲ ಒಂದು ಸರದಂತೆ ಕಾಣುವುದರಿಂದ ಒಂದೇ ಸವಾರಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಹಾರಿಬರಬಹುದೆಂದು ಗುಂಪುಗಳು ಯೋಜನೆ ಹಾಕುವುದು ಸಹಜ. ಆದರೆ ಈ ಯೋಜನೆಗಳು ಕೆಡುವುದಕ್ಕೆ ಮುಖ್ಯ ಕಾರಣವೊಂದಿದೆ: ಬೈಕಿಗರಿಗೆ ಘಟ್ಟ ಅತ್ಯಂತ ಸುಂದರವಾಗಿ ಕಾಣುವ ಕಾಲವೂ ದ್ವೀಪಗಳು ತೆರೆದಿರುವ ಕಾಲವೂ ಬೇರೆ ಬೇರೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಜಲಪಾತಗಳು ತುಂಬಿ ಕಾಡು ಹಸಿರಾಗಿರುವಾಗ ಕಡಲು ಪ್ರಕ್ಷುಬ್ಧವಾಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿರುತ್ತದೆ. ಪ್ರವಾಸಿ ಬೋಟುಗಳು ಅದಕ್ಕಿಂತಲೂ ಹೆಚ್ಚು ಕಾಲ ದಡದಲ್ಲೇ ಉಳಿಯುತ್ತವೆ. ಆದ್ದರಿಂದ ಮಳೆಗಾಲದ ಸವಾರಿಯೆಂದರೆ ಘಟ್ಟದ ಸವಾರಿ ಎಂದೂ, ದ್ವೀಪಗಳ ಸವಾರಿಯೆಂದರೆ ದೀಪಾವಳಿಯ ನಂತರದ ಸವಾರಿ ಎಂದೂ ಪ್ರತ್ಯೇಕವಾಗಿಯೇ ತಿಳಿಯಬೇಕು. ರಜೆಯ ಲೆಕ್ಕ ಹಾಕುವ ಮೊದಲು ಕಡಲಿನ ಲೆಕ್ಕ ಹಾಕುವುದು ಈ ಪ್ರವಾಸದ ಮೊದಲ ಪಾಠ.

ಬಯಲಿನಿಂದ ಕಡಲಿಗೆ ಇಳಿಯುವ ಈ ದಾರಿ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ಬೆಳೆದ ಹತ್ತಿ 19ನೆಯ ಶತಮಾನದಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ, ವಿದೇಶದ ವ್ಯಾಪಾರಿಗಳು ಅದನ್ನು ಕುಮಟಾ ಹತ್ತಿಯೆಂದೇ ಕರೆಯುತ್ತಿದ್ದರು. ಅಮೆರಿಕದ ಅಂತರ್ಯುದ್ಧದಿಂದಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಅಭಾವ ಉಂಟಾದಾಗ ಕಾರವಾರವನ್ನು ಹತ್ತಿಯ ಬಂದರಾಗಿ ಬೆಳೆಸುವ ಒತ್ತಾಯ ಬಲವಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ, ಧಾರವಾಡವೂ ಸೇರಿದ್ದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದ್ದರ ಹಿಂದೆ ಈ ವ್ಯಾಪಾರದ ಹಿತಾಸಕ್ತಿಯಿತ್ತು. ಹತ್ತಿಯ ಚಕ್ಕಡಿಗಳ ಕಾಲ ಮುಗಿದು ಬಹಳ ವರ್ಷಗಳಾದ ಮೇಲೆ ಇದೇ ಮಾರ್ಗದಲ್ಲಿ ಬಳ್ಳಾರಿ, ಸಂಡೂರುಗಳ ಕಬ್ಬಿಣದ ಅದಿರು ಹೊತ್ತ ಲಾರಿಗಳು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಸಾಗಿ ರಸ್ತೆಯನ್ನು ಹಾಳುಗೆಡವಿದವು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸಿದ ಮೇಲೆ ಆ ದಟ್ಟಣೆ ತಗ್ಗಿತು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಯೋಜನೆ 1990ರ ದಶಕದಿಂದಲೂ ಅರಣ್ಯನಾಶದ ಪ್ರಶ್ನೆಯಲ್ಲಿ ಸಿಲುಕಿರುವುದರಿಂದ, ಬಯಲುಸೀಮೆಯ ಸರಕಿಗೂ ಸವಾರರಿಗೂ ಈ ರಸ್ತೆಯೇ ಆಧಾರವಾಗಿ ಉಳಿದಿದೆ.

ಯಲ್ಲಾಪುರ ಸಮುದ್ರಮಟ್ಟದಿಂದ 500 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಮುಂದೆ ಕೆಲವೇ ಕಿಲೋಮೀಟರುಗಳಲ್ಲಿ ರಸ್ತೆ ಆ ಎತ್ತರದ ಬಹುಪಾಲನ್ನು ಕಳೆದುಕೊಳ್ಳುತ್ತದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾದ ಸಂತೆಗೆ ಹಣ್ಣು ತರಕಾರಿಗಳೊಡನೆ ವ್ಯಾಪಾರಿಗಳನ್ನೂ ಕರೆದೊಯ್ಯುತ್ತಿದ್ದ ಲಾರಿ ಗುಳ್ಳಾಪುರದ ಬಳಿ ಉರುಳಿ ಹತ್ತು ಮಂದಿ ಪ್ರಾಣ ಕಳೆದುಕೊಂಡದ್ದು ಈ ಇಳಿಜಾರಿನಲ್ಲಿಯೇ. ಕತ್ತಲಿರುವಾಗಲೇ ಹುಬ್ಬಳ್ಳಿ ಬಿಟ್ಟು ಸೂರ್ಯೋದಯಕ್ಕೆ ಕಡಲು ಕಾಣಬೇಕೆಂಬ ಆಸೆ ಅನೇಕ ಗುಂಪುಗಳಿಗಿರುತ್ತದೆ. ಅದನ್ನು ಬಿಟ್ಟು, ಬೆಳಕು ಹರಿದ ಮೇಲೆ ಯಲ್ಲಾಪುರ ದಾಟುವಂತೆ ಹೊರಡುವುದೇ ಲೇಸು. ಇಳಿಯುವಾಗ ಗಾಡಿಯನ್ನು ನ್ಯೂಟ್ರಲಿನಲ್ಲಿ ಬಿಡದೆ, ಅದೇ ಏರನ್ನು ಹತ್ತಲು ಬೇಕಾಗುವ ಗೇರಿನಲ್ಲಿಯೇ ಇಳಿದರೆ ಎಂಜಿನ್ನೇ ವೇಗವನ್ನು ತಡೆಯುತ್ತದೆ, ಬ್ರೇಕು ಕಾಯುವುದಿಲ್ಲ. 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ 2019ರ ಏಪ್ರಿಲಿನಿಂದ ಎಬಿಎಸ್, ಅಂದರೆ ಬ್ರೇಕು ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಗಿದೆ. ಗುಂಪಿನಲ್ಲಿ ಹಳೆಯ ಗಾಡಿಗಳೂ ಇದ್ದರೆ ಅವು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ ಎಂಬುದನ್ನು ಮುಂದಿನವರೂ ಹಿಂದಿನವರೂ ಅರಿತಿರಬೇಕು.

ಗುಂಪಿನ ಸವಾರಿಗೆ ಅದರದೇ ಆದ ಗಣಿತವೊಂದಿದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಚಲಿಸುವ ಬೈಕು ಎರಡು ಸೆಕೆಂಡಿನಲ್ಲಿ ಸುಮಾರು 33 ಮೀಟರ್ ಸಾಗುತ್ತದೆ, ಮುಂದಿನ ಗಾಡಿಗೂ ಹಿಂದಿನ ಗಾಡಿಗೂ ಇರಬೇಕಾದ ಕನಿಷ್ಠ ಅಂತರವೂ ಅದೇ. ಹನ್ನೆರಡು ಬೈಕುಗಳು ಈ ನಿಯಮವನ್ನು ಪಾಲಿಸಿದರೆ ಸಾಲಿನ ಉದ್ದ 350 ಮೀಟರನ್ನು ಮೀರುತ್ತದೆ. ಘಟ್ಟದ ತಿರುವುಗಳಲ್ಲಿ ಅಷ್ಟು ಉದ್ದದ ಸಾಲನ್ನು ಹಿಂದಿನಿಂದ ಬರುವ ಬಸ್ಸು ದಾಟಲಾರದು, ನಿಯಮ ಮುರಿದು ಒತ್ತೊತ್ತಾಗಿ ಸಾಗಿದರೆ ಒಬ್ಬನ ತಪ್ಪಿಗೆ ನಾಲ್ವರು ಬೀಳುತ್ತಾರೆ. ದೊಡ್ಡ ಗುಂಪನ್ನು ನಾಲ್ಕೈದು ಬೈಕುಗಳ ತುಕಡಿಗಳಾಗಿ ಒಡೆದು, ಪ್ರತಿ ತುಕಡಿಯ ಮುಂದೆ ದಾರಿ ಬಲ್ಲವರನ್ನೂ ಹಿಂದೆ ಅತ್ಯಂತ ಅನುಭವಿ ಸವಾರರನ್ನೂ ಇರಿಸಿ, ಹೊಸಬರನ್ನು ಮುಂದಾಳುವಿನ ಬೆನ್ನಿಗೇ ಬಿಡುವ ಪದ್ಧತಿ ಇದೇ ಕಾರಣಕ್ಕೆ ಬೆಳೆದುಬಂದಿದೆ. ನೇರ ರಸ್ತೆಯಲ್ಲಿ ಒಬ್ಬರು ಪಥದ ಬಲಭಾಗದಲ್ಲಿ, ಮುಂದಿನವರು ಎಡಭಾಗದಲ್ಲಿ, ಹೀಗೆ ಓರೆಸಾಲಿನಲ್ಲಿ ಸಾಗಬಹುದು. ಆದರೆ ತಿರುವಿನ ಘಟ್ಟದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಒಂಟಿಸಾಲು ಹಿಡಿಯಬೇಕು. ಹಿಂದೆ ಉಳಿದವರಿಗಾಗಿ ತಿರುವಿನ ಅಂಚಿನಲ್ಲಿ ನಿಂತು ಕಾಯುವುದಂತೂ ಸಲ್ಲದು. ಯಲ್ಲಾಪುರ, ರಾಮನಗುಳಿ, ಬಾಳೆಗುಳಿಗಳಂಥ ನೆಲೆಗಳನ್ನು ಮೊದಲೇ ಗೊತ್ತುಮಾಡಿಕೊಂಡು ಅಲ್ಲಿ ಮಾತ್ರ ಕೂಡಿಕೊಂಡರೆ ಮೊಬೈಲಿನ ಸಿಗ್ನಲ್ ಇಲ್ಲದ ಕಾಡಿನಲ್ಲಿಯೂ ಆತಂಕವಿರುವುದಿಲ್ಲ. ಧಾರವಾಡದಿಂದ ಹಳಿಯಾಳ, ದಾಂಡೇಲಿ, ಜೋಯಿಡಾ, ಕದ್ರಾಗಳ ಮೂಲಕ ಕಾಳಿ ನದಿಯ ಜೊತೆ ಕಾರವಾರಕ್ಕೆ ಇಳಿಯುವ ಇನ್ನೊಂದು ದಾರಿಯಲ್ಲಿ ಲಾರಿಗಳು ಕಡಿಮೆ, ಆದರೆ ಕಾಡು ಹೆಚ್ಚು, ಪೆಟ್ರೋಲ್ ಪಂಪುಗಳು ವಿರಳ.

ಕೆಳಗಿನ ಕರಾವಳಿಯ ಹೆದ್ದಾರಿ ಸಮತಟ್ಟಾಗಿದ್ದರೂ ಸುರಕ್ಷಿತವೆಂದು ಮೈಮರೆಯುವಂತಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿಯ ಪಕ್ಕದ ಚಹಾ ಅಂಗಡಿಯನ್ನೂ ನಿಂತಿದ್ದ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು; ಅದಾದ ಮೂರು ವಾರಗಳಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರ ಮತ್ತು ಸದಾಶಿವಗಡಗಳ ನಡುವಿನ ಕಾಳಿ ನದಿಯ ಹಳೆಯ ಸೇತುವೆ ಕುಸಿದುಬಿತ್ತು. ಕಡಿದ ಗುಡ್ಡದ ಬುಡದಲ್ಲಿ ಮಳೆಗಾಲದಲ್ಲಿ ಬೈಕು ನಿಲ್ಲಿಸಿ ವಿರಮಿಸುವ ಅಭ್ಯಾಸವನ್ನು ಸವಾರರು ಸಂಪೂರ್ಣ ಕೈಬಿಡಬೇಕೆಂಬುದಕ್ಕೆ ಶಿರೂರಿನ ದುರಂತಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ದ್ವೀಪಗಳು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಕಳೆದ ಹಿಮಯುಗದ ತುತ್ತತುದಿಯಲ್ಲಿ, ಭೂಮಿಯ ಅಪಾರ ನೀರು ಹಿಮವಾಗಿ ಹೆಪ್ಪುಗಟ್ಟಿದ್ದಾಗ ಸಮುದ್ರದ ಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಇಂದು ದಡದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಆಳವಲ್ಲದ ನೀರಿನಲ್ಲಿ ನಿಂತಿರುವ ದ್ವೀಪಗಳೆಲ್ಲ ಆಗ ಕರಾವಳಿಯ ಬಯಲಿನಲ್ಲಿ ಎದ್ದ ಗುಡ್ಡಗಳಾಗಿದ್ದವು. ಹಿಮ ಕರಗಿ ನೀರು ಏರಿದಾಗ ಅವುಗಳ ನೆತ್ತಿಗಳಷ್ಟೇ ಹೊರಗುಳಿದವು. ಕಾರವಾರದ ಕಡಲತಡಿಯಲ್ಲಿ ನಿಂತು ನೋಡಿದರೆ, ದಡದ ಗುಡ್ಡಗಳ ಸಾಲೇ ನೀರಿನೊಳಗೆ ಮುಂದುವರಿದಿರುವುದು ಕಣ್ಣಿಗೇ ಗೊತ್ತಾಗುತ್ತದೆ. ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಕಂಡ ಕಡಲೂ ಇದೇ. ಅವರ ಹೆಸರನ್ನೇ ಈ ತೀರಕ್ಕೆ ಇಡಲಾಗಿದೆ.

ಈ ದ್ವೀಪಗಳಲ್ಲಿ ಅತ್ಯಂತ ದೊಡ್ಡ ಚರಿತ್ರೆಯುಳ್ಳದ್ದು ಅಂಜದೀವ. ಕಾರವಾರದ ಎದುರಿಗಿದ್ದರೂ ಆಡಳಿತದ ದೃಷ್ಟಿಯಿಂದ ಗೋವೆಗೆ ಸೇರಿದ ಈ ಪುಟ್ಟ ನೆಲದಲ್ಲಿ 1498ರಲ್ಲಿ ವಾಸ್ಕೊ ಡ ಗಾಮನ ಹಡಗುಗಳು ಲಂಗರು ಹಾಕಿದ್ದವು. 1505ರಲ್ಲಿ ಪೋರ್ಚುಗೀಸರ ಮೊದಲ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ, ಆದರೆ ಮರುವರ್ಷವೇ ಅದನ್ನು ತೊರೆಯಬೇಕಾಯಿತು. ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದು, ಪೋರ್ಚುಗೀಸರು ಒಪ್ಪದೆ ಹೋದಾಗ ಇಲ್ಲಿ ಬೀಡುಬಿಟ್ಟ ಇಂಗ್ಲಿಷ್ ಸೈನ್ಯದ ಬಹುಪಾಲು, ಅದರ ನಾಯಕ ಅಬ್ರಹಾಂ ಶಿಪ್‌ಮನ್‌ನೂ ಸೇರಿ, 1660ರ ದಶಕದಲ್ಲಿ ರೋಗಕ್ಕೆ ತುತ್ತಾಯಿತು. 1961ರ ಡಿಸೆಂಬರಿನಲ್ಲಿ, ಗೋವೆಯ ವಿಮೋಚನೆಯ ಕಾರ್ಯಾಚರಣೆಯಲ್ಲಿ, ಐಎನ್ಎಸ್ ತ್ರಿಶೂಲ್ ಮತ್ತು ಐಎನ್ಎಸ್ ಮೈಸೂರು ಹಡಗುಗಳ ಬೆಂಬಲದಿಂದ ದಡಕ್ಕಿಳಿದ ಭಾರತೀಯ ನಾವಿಕರು ದ್ವೀಪವನ್ನು ಗೆದ್ದುಕೊಂಡರು. ಏಳು ಮಂದಿ ನಾವಿಕರು ಅಲ್ಲಿ ಹುತಾತ್ಮರಾದರು. ಈಗ ಅಂಜದೀವ ಸೀಬರ್ಡ್ ಯೋಜನೆಯ ನೌಕಾನೆಲೆ ಐಎನ್ಎಸ್ ಕದಂಬದ ಭಾಗವಾಗಿರುವುದರಿಂದ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಬೋಟಿನವರು ಹತ್ತಿರಕ್ಕೆ ಕರೆದೊಯ್ಯುತ್ತೇವೆಂದರೂ ಒಪ್ಪಬಾರದು, ದಡದಿಂದ ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಸಾಹಸಕ್ಕಂತೂ ಕೈಹಾಕಲೇಬಾರದು.

ಕಾರವಾರದ ಎದುರಿನ ದೇವಗಡದಲ್ಲಿ 1864ರಲ್ಲಿ ಕಟ್ಟಿದ ದೀಪಸ್ತಂಭವಿದೆ. ಕೂರ್ಮಗಡದಲ್ಲಿ ನರಸಿಂಹ ದೇವರ ಗುಡಿಯಿದ್ದು, ಪುಷ್ಯ ಮಾಸದ ಹುಣ್ಣಿಮೆಯ ಜಾತ್ರೆಗೆ ಭಕ್ತರು ದೋಣಿಗಳಲ್ಲಿ ಹೋಗಿಬರುತ್ತಾರೆ. ಕಡಲ ಮಕ್ಕಳ ಪಾಲಿಗೆ ಅದು ವರ್ಷದ ದೊಡ್ಡ ಹಬ್ಬ. 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ಬೋಟು ಅಲೆಗೆ ಸಿಕ್ಕು ಮಗುಚಿ 16 ಮಂದಿ ಮುಳುಗಿ ಸತ್ತರು. ಮೃತರಲ್ಲಿ ಘಟ್ಟದ ಮೇಲಿನ ಹಾವೇರಿ ಜಿಲ್ಲೆಯವರೂ ಇದ್ದರು. ಬಯಲುಸೀಮೆಯ ಜನ ಕೆರೆಯ ನೀರನ್ನು ಬಲ್ಲರು, ಅಲೆಯನ್ನು ಅರಿಯರು. ದೋಣಿಯೊಳಗಿನ ಜನ ಚಿತ್ರ ತೆಗೆಯಲು ಒಂದೇ ಬದಿಗೆ ಸರಿದರೆ ತೂಕ ವಾಲಿ, ಅಡ್ಡಲೆಯೊಂದು ಬಂದರೆ ದೋಣಿ ಮಗುಚಲು ಕ್ಷಣ ಸಾಕು. ಜೀವರಕ್ಷಕ ಜಾಕೆಟ್ಟನ್ನು ಮಡಿಲಲ್ಲಿ ಇಟ್ಟುಕೊಳ್ಳದೆ ತೊಟ್ಟು ಪಟ್ಟಿ ಬಿಗಿದುಕೊಳ್ಳಬೇಕು. ತಲೆಗೊಂದು ಜಾಕೆಟ್ ಇಲ್ಲದ ಬೋಟನ್ನು ಇಡೀ ಗುಂಪು ಒಕ್ಕೊರಲಿನಿಂದ ನಿರಾಕರಿಸಬೇಕು, ಮುಂಗಡ ಕೊಟ್ಟಿದ್ದರೂ ಸರಿಯೆ. ಬೈಕಿನ ಮೇಲೆ ಹೆಲ್ಮೆಟ್ ಇಲ್ಲದವರನ್ನು ಬಿಟ್ಟುಹೋಗುವಷ್ಟು ಶಿಸ್ತುಳ್ಳ ಗುಂಪುಗಳೂ ದೋಣಿ ಹತ್ತಿದೊಡನೆ ಆ ಶಿಸ್ತನ್ನು ದಡದಲ್ಲೇ ಬಿಟ್ಟುಬಿಡುವುದು ನೋವಿನ ಸಂಗತಿ.

ಹೊನ್ನಾವರದ ಎದುರಿನ ಬಸವರಾಜದುರ್ಗದಲ್ಲಿ ಕೆಳದಿಯ ಅರಸರ ಕಾಲದ ಕೋಟೆಯಿದೆ. ಜಂಬಿಟ್ಟಿಗೆ ಕಲ್ಲಿನ ಗೋಡೆಗಳೂ ಹಳೆಯ ಫಿರಂಗಿಗಳೂ ಉಳಿದಿರುವ ಈ ದುರ್ಗವನ್ನು ಬಂದರಿನ ಅಧಿಕಾರಿಗಳನ್ನೂ ಸ್ಥಳೀಯ ಮೀನುಗಾರರನ್ನೂ ಕೇಳದೆ ಹತ್ತಲು ಹೋಗಬಾರದು. ಅನುಕೂಲವಾಗದಿದ್ದರೆ ಶರಾವತಿಯ ಅಳಿವೆಯಲ್ಲಿ, ಅಂದರೆ ನದಿ ಕಡಲನ್ನು ಸೇರುವ ಬಾಯಿಯಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ದೋಣಿಯಲ್ಲಿ ಸುತ್ತಾಡಿ, ನದಿಯಾಚೆಗಿನ ಕಾಸರಕೋಡಿನ ತೀರವನ್ನು ನೋಡಬಹುದು. ಶುಚಿತ್ವ, ಸುರಕ್ಷತೆಗಳನ್ನು ಪರೀಕ್ಷಿಸಿ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು ಕಾಸರಕೋಡೂ ಕರಾವಳಿಯ ಇನ್ನೊಂದು ತೀರವಾದ ಪಡುಬಿದ್ರೆಯೂ 2020ರಲ್ಲಿ ಪಡೆದವು.

ಈ ಎಲ್ಲ ದ್ವೀಪಗಳ ಪೈಕಿ ಸವಾರಿಯ ಶ್ರಮಕ್ಕೆ ತಕ್ಕ ಫಲ ಕೊಡುವುದು ನೇತ್ರಾಣಿ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ತೆರೆದ ಕಡಲಿನ ನಡುವೆ ಕಡಿದಾದ ಬಂಡೆಗಳಿಂದ ಎದ್ದು ನಿಂತಿರುವ ಈ ದ್ವೀಪವನ್ನು ತಲುಪಲು ಬೋಟಿನಲ್ಲಿ ಒಂದು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ನೌಕಾಪಡೆ ಈ ದ್ವೀಪವನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದುದನ್ನು ಪರಿಸರಾಸಕ್ತರು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದ್ದೂ ಉಂಟು. ಆದರೆ ಜನ ಇಲ್ಲಿಗೆ ಬರುವುದು ನೀರಿನ ಮೇಲಿನದನ್ನು ನೋಡಲಿಕ್ಕಲ್ಲ. ಬಂಡೆಗಳ ಬುಡದಲ್ಲಿ ಹವಳಗಳು ಬೆಳೆದಿವೆ. ಹವಳವೆಂದರೆ ಕಲ್ಲೂ ಅಲ್ಲ, ಗಿಡವೂ ಅಲ್ಲ, ಸುಣ್ಣದ ಗೂಡು ಕಟ್ಟಿಕೊಂಡು ಬಾಳುವ ಅಸಂಖ್ಯ ಪುಟ್ಟ ಪ್ರಾಣಿಗಳ ವಸಾಹತು, ಅದರ ಆಶ್ರಯದಲ್ಲಿ ಬಣ್ಣಬಣ್ಣದ ಮೀನುಗಳು ಬದುಕುತ್ತವೆ. 2022ರಲ್ಲಿ ತೆರೆಕಂಡ ಪುನೀತ್ ರಾಜ್‌ಕುಮಾರರ ‘ಗಂಧದ ಗುಡಿ’ ಚಿತ್ರದಲ್ಲಿ ಈ ನೀರಿನಡಿಯ ಲೋಕವನ್ನು ಕಂಡ ಮೇಲೆ ಅನೇಕ ಕನ್ನಡಿಗರಿಗೆ ನೇತ್ರಾಣಿ ಮನೆಮಾತಾಯಿತು.

ಅಲ್ಲಿ ಎರಡು ಬಗೆಯ ಮುಳುಗುಗಳಿವೆ. ಮುಖವಾಡ ತೊಟ್ಟು, ಬಾಯಲ್ಲಿ ಕೊಳವೆ ಕಚ್ಚಿ ನೀರಿನ ಮೇಲೆಯೇ ತೇಲುತ್ತ ಕೆಳಗೆ ನೋಡುವುದು ಸ್ನಾರ್ಕೆಲಿಂಗ್. ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ಆಳಕ್ಕೆ ಇಳಿಯುವುದು ಸ್ಕೂಬಾ. ತರಬೇತಿಯಿಲ್ಲದವರನ್ನು ಬೋಧಕರು ಕೈಹಿಡಿದು ಹೆಚ್ಚೆಂದರೆ 12 ಮೀಟರ್ ಆಳಕ್ಕೆ ಇಳಿಸುತ್ತಾರೆ. ಪ್ರತಿ ಹತ್ತು ಮೀಟರ್ ಆಳಕ್ಕೆ ಒತ್ತಡ ಒಂದು ವಾಯುಮಂಡಲದಷ್ಟು ಹೆಚ್ಚುವುದರಿಂದ, ಕೆಳಗೆ ಉಸಿರು ಬಿಗಿಹಿಡಿದು ಮೇಲಕ್ಕೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಗಾಯವಾಗುವ ಅಪಾಯವಿದೆ; ಉಬ್ಬಸ, ಹೃದಯದ ತೊಂದರೆ, ಕಿವಿಯ ಸೋಂಕು ಇರುವವರು ಮುಳುಗುವ ಮೊದಲು ತುಂಬುವ ಅರ್ಜಿಯಲ್ಲಿ ಅದನ್ನು ಮುಚ್ಚಿಡಬಾರದು. ಹವಳವನ್ನು ಮುಟ್ಟಬಾರದು, ಮುರಿಯುವುದಂತೂ ಅಪರಾಧವೇ ಸರಿ: ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಗೆ ಕೊಟ್ಟಂತೆಯೇ ಹವಳಕ್ಕೂ ರಕ್ಷಣೆ ಕೊಟ್ಟಿದೆ.

ಮಲ್ಪೆಯ ಸೇಂಟ್ ಮೇರೀಸ್ ಬೇರೆಯೇ ಬಗೆಯದು. ಭಾರತ ಮತ್ತು ಮಡಗಾಸ್ಕರ್ ಒಂದರಿಂದೊಂದು ಬೇರ್ಪಡುತ್ತಿದ್ದ ಕಾಲದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಉಕ್ಕಿದ ಲಾವಾ ತಣಿಯುತ್ತ ಕುಗ್ಗಿದಾಗ ಬಿರುಕುಗಳು ಕೆಳಮುಖವಾಗಿ ಬೆಳೆದು ಆರು, ಏಳು ಮುಖಗಳ ಕಂಬಗಳಾದವು. ಇಂಥ ಶಿಲಾಕಂಬಗಳ ಕಾರಣಕ್ಕೆ ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ಬಂದರಿನಿಂದ ಬೋಟಿನ ವ್ಯವಸ್ಥೆ ಕ್ರಮಬದ್ಧವಾಗಿರುವುದರಿಂದ ಮಕ್ಕಳೊಡನೆ ಹೋಗುವವರಿಗೂ ಇದು ಸುಲಭ. ಆದರೆ ಹುಬ್ಬಳ್ಳಿಯಿಂದ ಇಲ್ಲಿಗೆ 300 ಕಿ.ಮೀ.ಗೂ ಹೆಚ್ಚು, ಶನಿವಾರ ಭಾನುವಾರಗಳಲ್ಲಿ ಕಾರವಾರ, ನೇತ್ರಾಣಿ, ಮಲ್ಪೆ ಮೂರನ್ನೂ ಮುಗಿಸುವೆವೆಂಬ ಯೋಜನೆ ಸವಾರರನ್ನು ದಣಿಸುವುದಕ್ಕಷ್ಟೇ ಸಾಕು. ಎರಡು ದಿನಕ್ಕೆ ಒಂದು ದ್ವೀಪ, ನಾಲ್ಕು ದಿನಕ್ಕೆ ಎರಡು ಎಂಬ ಲೆಕ್ಕವೇ ಸರಿಯಾದದ್ದು.

ಬೆಳಿಗ್ಗೆಯ ಮೊದಲ ಬೋಟನ್ನೇ ಹಿಡಿಯಬೇಕೆಂದು ಮೀನುಗಾರರು ಹೇಳುವುದಕ್ಕೆ ಕಾರಣವಿದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲ ಕಡೆಗೆ ಮೆಲ್ಲಗೆ ಬೀಸಿ ನೀರು ಶಾಂತವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬೀಸತೊಡಗಿ, ಮಧ್ಯಾಹ್ನದ ಹೊತ್ತಿಗೆ ಅಲೆ ಏಳುತ್ತದೆ. ಈಜಲು ಇಳಿಯುವವರು ಅರಿಯಬೇಕಾದ ಇನ್ನೊಂದು ವಿಷಯ ಸೆಳೆತದ ಪ್ರವಾಹ: ದಡಕ್ಕೆ ಬಂದ ಅಲೆಗಳ ನೀರು ಕಿರಿದಾದ ಕಾಲುವೆಯಂಥ ಜಾಗದಿಂದ ರಭಸವಾಗಿ ಕಡಲಿಗೆ ಮರಳುತ್ತದೆ, ಮೇಲಿನಿಂದ ನೋಡಿದರೆ ಅಲೆಯೇ ಇಲ್ಲದ ಆ ಜಾಗ ಸುರಕ್ಷಿತವೆಂಬ ಭ್ರಮೆ ಹುಟ್ಟಿಸುತ್ತದೆ. ಅದರಲ್ಲಿ ಸಿಕ್ಕವರು ದಡದತ್ತ ನೇರವಾಗಿ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಮುಳಬಾಗಿಲು ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಜೀವರಕ್ಷಕರು ಕೆಂಪು ಬಾವುಟ ನೆಟ್ಟ ಕಡೆ ಇಳಿಯಬಾರದೆಂಬುದಕ್ಕೆ ವಿನಾಯಿತಿಯೇ ಇಲ್ಲ. ಕಡಲಿನಲ್ಲಿ ಅಪಾಯವಾದರೆ ಕರೆಯಬೇಕಾದ ಕೋಸ್ಟ್ ಗಾರ್ಡಿನ 1554 ಸಂಖ್ಯೆಯನ್ನು ಎಲ್ಲರ ಮೊಬೈಲಿನಲ್ಲಿ ಮೊದಲೇ ಬರೆಸಿಟ್ಟುಕೊಳ್ಳಬೇಕು.

ಬೈಕುಗಳ ವಿಷಯದಲ್ಲಿ ಹೇಳಬೇಕಾದದ್ದು ಸ್ವಲ್ಪವೇ. ಕಡಲ ಗಾಳಿಯ ಉಪ್ಪು ಚೈನಿಗೂ ತಂತಿಯ ಜೋಡಣೆಗಳಿಗೂ ತುಕ್ಕು ಹಿಡಿಸುವುದರಿಂದ ಮನೆ ಸೇರಿದ ಕೂಡಲೇ ಸಿಹಿನೀರಿನಿಂದ ತೊಳೆದು ಚೈನಿಗೆ ಎಣ್ಣೆ ಹಾಕಬೇಕು. ಮರಳಿನ ಮೇಲೆ ಓಡಿಸುವುದಂತೂ ಗಾಡಿಗೂ, ಅಲ್ಲಿ ಮೊಟ್ಟೆಯಿಡುವ ಕಡಲಾಮೆಗಳಿಗೂ ಕೇಡು. ಬಾಡಿಗೆ ಬೈಕು ಪಡೆಯುವವರು ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುವ, ಪರವಾನಗಿ ಪಡೆದ ಗಾಡಿಯನ್ನೇ ಆರಿಸಬೇಕು. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಕೊಡಬಹುದು.

ಮರಳುವ ದಾರಿಯಲ್ಲಿ ಹುಬ್ಬಳ್ಳಿ–ಧಾರವಾಡದವರಿಗೇ ವಿಶೇಷವಾಗಿ ಅನ್ವಯಿಸುವ, ಆದರೆ ಹೆಚ್ಚಿನವರು ಗಮನಿಸದ ಸಂಗತಿಯೊಂದಿದೆ. ಆಳದಲ್ಲಿ ಒತ್ತಡದ ಗಾಳಿಯನ್ನು ಉಸಿರಾಡಿದಾಗ ಅದರೊಳಗಿನ ಸಾರಜನಕ ರಕ್ತದಲ್ಲಿಯೂ ದೇಹದ ಅಂಗಾಂಶಗಳಲ್ಲಿಯೂ ಕರಗುತ್ತದೆ, ಮೇಲೆ ಬಂದ ಬಳಿಕ ಗಂಟೆಗಟ್ಟಲೆ ನಿಧಾನವಾಗಿ ಹೊರಹೋಗುತ್ತದೆ. ಅದು ಹೋಗುವ ಮೊದಲೇ ಗಾಳಿಯೊತ್ತಡ ಕಡಿಮೆಯಿರುವ ಎತ್ತರಕ್ಕೆ ಏರಿದರೆ ಸಾರಜನಕ ಗುಳ್ಳೆಗಳಾಗಿ ಕೀಲುನೋವು, ಮರಗಟ್ಟುವಿಕೆಗಳಿಂದ ಹಿಡಿದು ಗಂಭೀರ ಕಾಯಿಲೆಯವರೆಗೆ ಉಂಟುಮಾಡಬಲ್ಲದು. ಮುಳುಗುಗಾರರ ಆರೋಗ್ಯಕ್ಕಾಗಿ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್, 2,000 ಅಡಿಗಿಂತ ಹೆಚ್ಚಿನ ಎತ್ತರದ ವಾಯುಒತ್ತಡಕ್ಕೆ ಹೋಗುವ ಮೊದಲು ಒಂದೇ ಮುಳುಗಿಗೆ ಕನಿಷ್ಠ 12 ಗಂಟೆ, ಹಲವು ಮುಳುಗುಗಳಿಗೆ 18 ಗಂಟೆ ಕಾಯಬೇಕೆಂದು ಹೇಳುತ್ತದೆ. ಈ ಸೂಚನೆ ವಿಮಾನಯಾನಕ್ಕೆಂದು ರೂಪಿಸಿದ್ದಾದರೂ, ಹುಬ್ಬಳ್ಳಿ ಸುಮಾರು 2,200 ಅಡಿ, ಧಾರವಾಡ ಅದಕ್ಕಿಂತಲೂ ಎತ್ತರದಲ್ಲಿವೆ. ಆಳವಲ್ಲದ ಒಂದೇ ಮುಳುಗಿನಿಂದ ಅಪಾಯ ಕಡಿಮೆಯೆಂಬುದು ನಿಜ, ಆದರೂ ಎಚ್ಚರಿಕೆಗೆ ತಗಲುವ ವೆಚ್ಚ ಒಂದು ರಾತ್ರಿಯ ವಸತಿಯಷ್ಟೇ. ಬೆಳಿಗ್ಗೆ ನೇತ್ರಾಣಿಯಲ್ಲಿ ಮುಳುಗಿದ ಗುಂಪು ಆ ರಾತ್ರಿ ಮುರುಡೇಶ್ವರದಲ್ಲಿಯೋ ಹೊನ್ನಾವರದಲ್ಲಿಯೋ ಉಳಿದು, ಮರುದಿನ ಹಗಲಿನಲ್ಲಿಯೇ ಅರಬೈಲ್ ಹತ್ತಲಿ.